ದೋಣಿಯವಳ ಐದು ರೀಲು

ಚಿಕ್ಕಸ್ವಾಮಿಯವರು ಶನಿವಾರ ಬೆಳಿಗ್ಗೆ ಆಂಜನೇಯನ ಗುಡಿಗೆ ಬಂದರೆ ಮೂರು ಸುತ್ತು ಹಾಕಿ, ತೀರ್ಥ ತೆಗೆದುಕೊಂಡು, ಜಗಲಿಯ ಮೇಲೆ ಕಾಲು ನೀಡಿ ಕೂರುತ್ತಾರೆ. ನಾನು ಅಲ್ಲೇ ತುಳಸಿ ಮಾಲೆ ಕಟ್ಟುತ್ತಿರುತ್ತೇನೆ. ಅವರದು ನಿಧಾನದ ಮಾತು. ಒಂದು ಶನಿವಾರ ಎತ್ತಿದ ವಿಷಯ ಮುಂದಿನ ಶನಿವಾರ ಮುಗಿಯುವುದೂ ಉಂಟು. ಈ ಕತೆ ನನಗೆ ಸಿಕ್ಕಿದ್ದು ಹಾಗೆ, ಆರೇಳು ಶನಿವಾರಗಳಲ್ಲಿ. ಕೊನೆಯ ಭಾಗ ಮಾತ್ರ ನಾನೇ ಕಂಡದ್ದು.

ಪಾಂಡವಪುರದ ಪೇಟೆಬೀದಿಯಲ್ಲಿ ಅವರಿಗೆ ಮೋಟಾರು, ಮಿಕ್ಸಿ ರಿಪೇರಿ ಮಾಡುವ ಸಣ್ಣ ಅಂಗಡಿ ಇದೆ. ವಯಸ್ಸು ಅರವತ್ತೆಂಟು. ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಂತೆಬಾಚಹಳ್ಳಿ ಹತ್ತಿರ, ಗದ್ದೆ ಹೊಲ ಇದ್ದ ಮನೆಯಲ್ಲಿ. ಆದರೆ ಅವರ ಕಿವಿಗೆ ಹಿತವಾದದ್ದು ಟೆಂಟ್ ಸಿನಿಮಾದ ಮಿಷನ್ನಿನ ಸದ್ದು. ಇಪ್ಪತ್ತರ ಹೊತ್ತಿಗೆ ಆಪರೇಟರ್ ಆಗಿದ್ದರು. ಟೆಂಟುಗಳು ಹೋದ ಮೇಲೆ ಇಲ್ಲಿನ ಟಾಕೀಸಿನಲ್ಲಿ ಇದ್ದರು. ಟಾಕೀಸೂ ಮುಚ್ಚಿದ ಮೇಲೆ ಮೋಟಾರು ಸುತ್ತಲು ಕೂತರು.

ಹೋದ ವರ್ಷ ಶ್ರಾವಣದಲ್ಲಿ ಶ್ರೀರಂಗಪಟ್ಟಣದಿಂದ ವಿಜಯೇಂದ್ರ ಎನ್ನುವವರು ಒಂದು ಸುಟ್ಟ ಮೋಟಾರು ತಂದರು. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ರಂಗನಾಥನ ಗುಡಿಯ ಬೀದಿಯಲ್ಲಿ ಮನೆ. ಚಿಕ್ಕಸ್ವಾಮಿಯವರು ಮೋಟಾರನ್ನು ಒಮ್ಮೆ ತಿರುಗಿಸಿ ನೋಡಿ, ಇದು ಮಿಕ್ಸಿಯದಲ್ಲ, ಹದಿನಾರು ಎಂಎಂ ಸಿನಿಮಾ ಮಿಷನ್ನಿನದು ಎಂದರು. ವಿಜಯೇಂದ್ರ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಆ ಮೋಟಾರು ಹಿಡಿದು ಅವರು ಮೈಸೂರೆಲ್ಲ ಸುತ್ತಿದ್ದರು, ಒಬ್ಬರೂ ಗುರುತು ಹಿಡಿದಿರಲಿಲ್ಲ.

ವಿಜಯೇಂದ್ರ ಹಳೆಯ ಸಿನಿಮಾ ರೀಲುಗಳನ್ನು ಕೂಡಿಡುವವರು. ಮನೆಯ ಹಿಂದಿನ ಕೋಣೆಯ ತುಂಬ ಡಬ್ಬಿಗಳು. ಅವರಂಥವರು ಪುಣೆಯಲ್ಲಿ, ಕಲ್ಕತ್ತೆಯಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ. ಯಾರ ಅಟ್ಟದಲ್ಲಿ ಏನು ಸಿಕ್ಕಿತೆಂದು ದಿನವೂ ಮೊಬೈಲಿನಲ್ಲಿ ಹೇಳಿಕೊಳ್ಳುತ್ತಾರೆ. ಮಾತಿನ ನಡುವೆ ಅವರು, ತಾವೆಲ್ಲ ಬಹಳ ವರ್ಷದಿಂದ ಹುಡುಕುತ್ತಿರುವ ಒಂದು ರಷ್ಯದ ಚಿತ್ರವಿದೆ, ಪ್ರೇಮದ ಕತೆ, ದೋಣಿ ನಡೆಸುವ ಹುಡುಗಿಯದು ಎಂದರು.

ಚಿಕ್ಕಸ್ವಾಮಿಯವರು ಒಳಗೆ ಹೋಗಿ, ಹಲಗೆಯ ಮೇಲಿನ ಗೋಣಿತಾಟು ಸರಿಸಿ, ಐದು ತಗಡಿನ ಡಬ್ಬಿಗಳನ್ನು ಒಂದೊಂದಾಗಿ ತಂದು ಇಟ್ಟರು. ಪ್ರತಿ ಡಬ್ಬಿಯ ಮೇಲೂ ಮಾಸಿದ ಕುಂಕುಮದ ಬೊಟ್ಟು.

ಆ ಡಬ್ಬಿಗಳು ಅವರ ಕೈಗೆ ಬಂದದ್ದು ಎಂಬತ್ತನಾಲ್ಕರಲ್ಲಿ. ಆಗ ಮೈಸೂರಿನಲ್ಲಿ ರಷ್ಯದ ಜೊತೆ ಸ್ನೇಹ ಬೆಳೆಸುವ ಒಂದು ಸಂಘವಿತ್ತು. ಅಲ್ಲಿನ ಚಿತ್ರಗಳನ್ನು ಹಳ್ಳಿಗಳಿಗೂ ತೋರಿಸಬೇಕೆಂದು ಒಂದು ಮಿಷನ್ನು, ಪರದೆ, ಮೈಕು ಕೊಟ್ಟು ಚಿಕ್ಕಸ್ವಾಮಿಯವರನ್ನು ಕೆಲಸಕ್ಕೆ ಇಟ್ಟುಕೊಂಡರು. ಭಾಷೆ ಯಾರಿಗೂ ತಿಳಿಯದಲ್ಲ, ಚಿತ್ರ ಓಡುವಾಗ ಮೈಕಿನಲ್ಲಿ ಕತೆ ಹೇಳಲು ಇನ್ನೊಬ್ಬರು ಬೇಕಿತ್ತು. ಆ ಕೆಲಸಕ್ಕೆ ಬಂದವರು ಇಂದಿರ. ಆಗ ಇಪ್ಪತ್ತೆರಡು ವರ್ಷ, ಬಿ.ಎ. ಮುಗಿಸಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದವರು.

ಇಂದಿರಾ ಅವರ ತಂದೆ ಸುಬ್ಬಣ್ಣನವರನ್ನು ನಮ್ಮ ಗುಡಿಯಲ್ಲಿ ಈಗಲೂ ನೆನೆಯುವವರಿದ್ದಾರೆ. ಭಾರತ ಓದುವಾಗ ಅವರ ವ್ಯಾಖ್ಯಾನ ಕೇಳಲು ಸುತ್ತಲ ಹಳ್ಳಿಯವರು ಬರುತ್ತಿದ್ದರು. ಅವರಿಗೆ ಎರಡು ನೇಮಗಳಿದ್ದವು. ದಿನದ ಓದನ್ನು ಸಾವಿನಲ್ಲಾಗಲಿ ಅಗಲಿಕೆಯಲ್ಲಾಗಲಿ ನಿಲ್ಲಿಸಬಾರದು; ಎಷ್ಟು ಹೊತ್ತಾದರೂ ಒಂದು ಮಂಗಳದ ಜಾಗ ಸಿಕ್ಕುವವರೆಗೆ ಓದಿಯೇ ಪುಸ್ತಕ ಮುಚ್ಚಬೇಕು. ಎರಡನೆಯದು, ಎಲ್ಲಾದರೂ ತಪ್ಪು ಓದಿದ್ದು ತಿಳಿದರೆ ಕೇಳಿದವರ ಮುಂದೆ ಒಪ್ಪಿಕೊಂಡು, ಆ ಭಾಗವನ್ನು ಮತ್ತೆ ಓದಬೇಕು. ಮಗಳು ಬೆಳೆದದ್ದು ಈ ಎರಡರ ನಡುವೆ.

ಚಿತ್ರ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಆಪರೇಟರುಗಳಿಗೆ ಮಿಷನ್ನೇ ಆಯುಧ. ಚಿಕ್ಕಸ್ವಾಮಿಯವರು ಮಿಷನ್ನು ಒರೆಸಿ, ಜೊತೆಗೆ ಬಂದ ಡಬ್ಬಿಗಳಿಗೂ ಪೂಜೆಯಾಗಲಿ ಎಂದು ರೀಲು ಹೊರಗಿಟ್ಟು, ತುಕ್ಕು ಹೋಗಲೆಂದು ಡಬ್ಬಿಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿಟ್ಟರು. ಬೆಳಿಗ್ಗೆ ಡಬ್ಬಿಗಳು ಫಳಫಳ ಹೊಳೆಯುತ್ತಿದ್ದವು. ಮೇಲಿನ ಚೀಟಿಗಳೆಲ್ಲ ಕರಗಿ ಬಕೆಟ್ಟಿನ ತಳ ಸೇರಿದ್ದವು. ಯಾವುದು ಎಷ್ಟನೆಯ ರೀಲೆಂದು ತಿಳಿಯುವ ದಾರಿ ಇಲ್ಲ. ರೀಲಿನ ತುದಿಗಳಲ್ಲಿ ಅಂಕಿ ಇರುತ್ತದೆ. ಅವೂ, ಚಿತ್ರ ಮುಗಿದಾಗ ಬರುವ ಬರಹವೂ ಎಂದೋ ಹರಿದು, ಖಾಲಿ ಪಟ್ಟಿ ಅಂಟಿಸಿತ್ತು.

ಹೆಸರುಗಳು ಬರುವುದರಿಂದ ಮೊದಲನೆಯದು ಗೊತ್ತಾಯಿತು. ಉಳಿದ ನಾಲ್ಕನ್ನು ಸುಬ್ಬಣ್ಣನವರ ಮನೆಯ ಕೊಟ್ಟಿಗೆಗೆ ಕಂಬಳಿ ಕಟ್ಟಿ, ಕತ್ತಲೆ ಮಾಡಿ, ಓಡಿಸಿ ನೋಡಿದರು. ಹೊಳೆಯೊಂದರಲ್ಲಿ ದೋಣಿ ನಡೆಸುವ ಹುಡುಗಿ. ಆ ಹೊಳೆಗೆ ಸೇತುವೆ ಕಟ್ಟಲು ಬಂದ ಯುವಕ. ಸೇತುವೆಯಾದರೆ ಅವಳ ದೋಣಿ ನಿಲ್ಲುತ್ತದೆ. ಆದರೂ ಇಬ್ಬರಿಗೂ ಮನಸ್ಸಾಗುತ್ತದೆ. ಕಂಬಗಳು ಮೇಲೆದ್ದು ನಿಂತಾಗ ಯುದ್ಧದ ಕರೆ ಬರುತ್ತದೆ. ಇಷ್ಟಕ್ಕೆ ಎರಡು ರೀಲು. ಇನ್ನೊಂದರಲ್ಲಿ ರೈಲು ಹೊರಡುತ್ತದೆ, ಅವಳು ಹಿಂದೆ ಓಡುತ್ತಾಳೆ. ಇನ್ನೊಂದರಲ್ಲಿ ಹೊಳೆ ಹೆಪ್ಪುಗಟ್ಟಿ ಕರಗುತ್ತದೆ, ಅವಳು ಒಬ್ಬಳೇ. ಮತ್ತೊಂದರಲ್ಲಿ ಹಿಮ ಬೀಳುವಾಗ ಅವನು ರೈಲಿನಿಂದ ಇಳಿಯುತ್ತಾನೆ. ಇಬ್ಬರೂ ಅವಳ ಗುಡಿಸಲಿಗೆ ನಡೆದು ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಮುರಿದು ತಿನ್ನುತ್ತಾರೆ, ನಗುತ್ತಾರೆ.

ಇಂದಿರ ಒಂದು ಗಳಿಗೆಯೂ ಅನುಮಾನಪಡಲಿಲ್ಲ. "ಕಾದ ಮೇಲಲ್ಲವೇ ಬರೋದು? ಒಲೆ ಮುಂದೆ ಕೂತದ್ದೇ ಕೊನೆ," ಎಂದರು. ಮಂಗಳದಲ್ಲಿ ಮುಗಿಯಿತು. ಚಿಕ್ಕಸ್ವಾಮಿಯವರು ಅದೇ ಕ್ರಮದಲ್ಲಿ ಡಬ್ಬಿಗಳಿಗೆ ಒಂದರಿಂದ ಐದರವರೆಗೆ ಅಂಕಿ ಬರೆದರು. ಇಂದಿರ ನೋಟುಪುಸ್ತಕದಲ್ಲಿ ಕತೆ ಬರೆದುಕೊಂಡರು.

ಆ ಚಳಿಗಾಲ, ಬೇಸಿಗೆ, ಹತ್ತೊಂಬತ್ತು ಆಟಗಳಾದವು. ಸಂಜೆ ಶಾಲೆಯ ಬಯಲಿನಲ್ಲಿ ಪರದೆ. ಈ ಕಡೆ ಮಿಷನ್ನು, ಪಕ್ಕದಲ್ಲಿ ಮೈಕು, ಟಾರ್ಚಿನ ಬೆಳಕಿನಲ್ಲಿ ನೋಟುಪುಸ್ತಕ. ಆ ಹೆಸರುಗಳು ಯಾರ ಬಾಯಿಗೂ ಹೊರಳುವುದಿಲ್ಲವೆಂದು ಇಂದಿರ 'ದೋಣಿಯವಳು', 'ಸೇತುವೆಯವರು' ಎಂದೇ ಹೇಳುತ್ತಿದ್ದರು. ಸಂತೆಬಾಚಹಳ್ಳಿಯಲ್ಲಿ ಹಿಮ ಕಂಡ ಒಬ್ಬ ಮುದುಕ ಎದ್ದು ನಿಂತು, "ಅಷ್ಟೊಂದ್ ಸುಣ್ಣವ ಯಾವನ್ಲಾ ಚೆಲ್ದೋನು?" ಎಂದು ಕೇಳಿದ್ದ. ಇಂದಿರ ನಗು ತಡೆಯಲಾರದೆ ಮೈಕು ಆರಿಸಿದ್ದರು. ಮೈಕು ಆರಿದ್ದರೂ ಆ ನಗು ಪಕ್ಕದಲ್ಲಿದ್ದವರಿಗೆ ಕೇಳಿತ್ತು.

ನಾಲ್ಕನೆಯ ಆಟ ಬೆಳಗೊಳದಲ್ಲಿ. ಅಲ್ಲಿ ಚಿಕ್ಕಸ್ವಾಮಿಯವರು ಒಂದನ್ನು ಗಮನಿಸಿದರು. ಅವಳು ಒಬ್ಬಳೇ ಇರುವ ರೀಲಿನಲ್ಲಿ ಸೇತುವೆಯ ಎರಡು ಕಂಬಗಳು ಬಾಂಬಿಗೆ ಮುರಿದು ಬಿದ್ದಿವೆ. ಅವನು ಬರುವ ರೀಲಿನಲ್ಲಿ, ದೂರದಲ್ಲಿ, ಅವೇ ಕಂಬಗಳು ನೆಟ್ಟಗೆ ನಿಂತಿವೆ. ಅಂದರೆ ಬಂದದ್ದು ಮೊದಲು, ಒಂದೇ ದಿನದ ರಜೆಗೆ. ರೈಲಿನ ಹಿಂದೆ ಓಡಿದ್ದು ಅದರ ಮರುದಿನ. ಹೊಳೆಯ ಮೇಲೆ ಒಬ್ಬಳೇ ಉಳಿದದ್ದೇ ಕೊನೆ. ಅವನು ಬರಲೇ ಇಲ್ಲ.

ಅವರು ಇಂದಿರಾ ಅವರಿಗೆ ಹೇಳಲಿಲ್ಲ. ಇನ್ನೂ ಹದಿನೈದು ಆಟಗಳನ್ನು ಅದೇ ತಪ್ಪು ಕ್ರಮದಲ್ಲಿ ತೋರಿಸಿದರು.

ಹತ್ತೊಂಬತ್ತನೆಯದು ಬೆಳ್ಳೂರಿನಲ್ಲಿ. ಅಷ್ಟರಲ್ಲಿ ಇಂದಿರಾ ಅವರಿಗೆ ನಾಗಮಂಗಲದ ಕಡೆ ಶಾಲೆಯಲ್ಲಿ ಕೆಲಸವಾಗಿತ್ತು. ಪರದೆ ಮಡಿಸುವಾಗ ಅವರು, ಮತ್ತೆ ಈ ಚಿತ್ರ ಹಾಕುವಾಗ ತಿಳಿಸಿ, ಬರುತ್ತೇನೆ ಎಂದರು. ನೋಟುಪುಸ್ತಕ ಅವರ ಚೀಲದಲ್ಲಿ ಉಳಿಯಿತು, ಡಬ್ಬಿಗಳು ಇವರ ಬಳಿ. ಚಿಕ್ಕಸ್ವಾಮಿಯವರು ಬೇರೆ ಚಿತ್ರಗಳನ್ನು ಹಾಕಿದರು, ಬೇರೆಯವರು ಕತೆ ಹೇಳಿದರು. ಇದನ್ನು ಮಾತ್ರ ಮತ್ತೆ ಹಾಕಲಿಲ್ಲ. ಕೆಲವು ವರ್ಷಗಳಲ್ಲಿ ಆ ದೇಶವೇ ಒಡೆದು ಹಂಚಿಹೋಯಿತು. ಡಬ್ಬಿ ಹಿಂತಿರುಗಿಸಲು ಮೈಸೂರಿಗೆ ಹೋದರೆ ಸಂಘದ ಜಾಗದಲ್ಲಿ ಬಟ್ಟೆ ಅಂಗಡಿ ಇತ್ತು.

ಪಾಂಡವಪುರಕ್ಕೂ ನಾಗಮಂಗಲಕ್ಕೂ ಎಷ್ಟು ದೂರ? ಬಸ್ಸಿನಲ್ಲಿ ಒಂದೂವರೆ ಗಂಟೆ. ನಲವತ್ತು ವರ್ಷದಲ್ಲಿ ಅವರು ಇಂದಿರಾ ಅವರನ್ನು ಕಂಡದ್ದು ಒಮ್ಮೆ, ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ, ಬಸ್ಸಿನ ಕಿಟಕಿಯಿಂದ. ಅವರು ಮಗುವಿನ ಕೈ ಹಿಡಿದು ಕಿತ್ತಳೆ ಕೊಳ್ಳುತ್ತಿದ್ದರು. ಇವರ ಬಸ್ಸು ಹೊರಟಿತು.

ಪ್ರತಿ ಆಯುಧಪೂಜೆಗೆ ಚಿಕ್ಕಸ್ವಾಮಿಯವರು ಡಬ್ಬಿಗಳನ್ನು ಇಳಿಸಿ, ರೀಲುಗಳನ್ನು ಕೈಯಲ್ಲೇ ಬಿಚ್ಚಿ ಸುತ್ತಿ, ಗಾಳಿಯಾಡಿಸಿ, ಒಣ ಬಟ್ಟೆಯಲ್ಲಿ ಒರೆಸಿ ಬೊಟ್ಟಿಡುತ್ತಿದ್ದರು. ಅದನ್ನು ಕೇಳಿ ವಿಜಯೇಂದ್ರ ತಲೆದೂಗಿದರು. ಮುಚ್ಚಿಟ್ಟ ರೀಲು ಹುಳಿವಾಸನೆ ಬಂದು ಸುರುಟಿ ಸಾಯುತ್ತದೆ. ಇದು ಉಳಿದದ್ದು ಆ ಪೂಜೆಯಿಂದ ಎಂದರು. ಈ ಚಿತ್ರ ಕಂಪ್ಯೂಟರಿನಲ್ಲೂ ಸಿಗುತ್ತದಂತೆ. ಆದರೆ ಅದರಲ್ಲಿ ಹಿಮ ಬರೀ ಬಿಳಿ. ರೀಲಿನಲ್ಲಾದರೆ ಹಿಮಕ್ಕೆ ಹತ್ತು ಬಗೆಯ ಬೂದು ಇರುತ್ತದೆ, ಒಲೆಯ ಬೆಳಕು ಅವಳ ಕೆನ್ನೆಯ ಮೇಲೆ ಉಸಿರಾಡುತ್ತದೆ. ಮತ್ತೆ ಪ್ರತಿಯೊಂದು ಪ್ರಿಂಟಿಗೂ ಅದರದೇ ಬದುಕು. ಒಂದು ಗೀರನ್ನು ತೋರಿಸಿ, ಇದು ಎಲ್ಲಿ ಬಿದ್ದದ್ದು ಎಂದು ಕೇಳಿದರು. ಬೆಳ್ಳೂರಿನಲ್ಲಿ, ಗಾಳಿಗೆ ಮಣ್ಣು ಎದ್ದಾಗ ಎಂದು ಇವರು ಹೇಳಿದರು. ನಮ್ಮಂಥವರು ಹುಡುಕುವುದು ಇದನ್ನೇ ಎಂದರು ವಿಜಯೇಂದ್ರ.

ಆಮೇಲೆ ಅವರು ರೀಲು ಎತ್ತಿ ಬೆಳಕಿಗೆ ಹಿಡಿದು, ಐದು ಎಂದು ಬರೆದಿರುವುದು ಮೂರಲ್ಲವೇ ಎಂದರು. ಚಿಕ್ಕಸ್ವಾಮಿಯವರು ಹೌದೆಂದರು. ವಿಜಯೇಂದ್ರರಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಕ್ರಮ ತಪ್ಪಿದ್ದೂ ಈ ಪ್ರಿಂಟಿನ ಚರಿತ್ರೆಯೇ ಅಲ್ಲವೇ? ಕೊಡುವುದಾದರೆ ಏನು ಬೇಕೆಂದು ಕೇಳಿದರು. ಹಣ ಬೇಡ, ಕೊಡುವ ಮೊದಲು ಒಂದು ಸಲ ಹಾಕಬೇಕು, ಮೈಕಿನಲ್ಲಿ ಇಂದಿರಾ ಅವರೇ ಹೇಳಬೇಕು ಎಂದು ಇವರು ಕೇಳಿಕೊಂಡರು. ಯಾವ ಕ್ರಮದಲ್ಲಿ ಹಾಕುತ್ತೀರೋ ನಿಮಗೆ ಬಿಟ್ಟದ್ದು, ನಾನು ಬಾಯಿ ಬಿಡುವುದಿಲ್ಲ ಎಂದು ವಿಜಯೇಂದ್ರ ಮಾತು ಕೊಟ್ಟರು.

ಇಷ್ಟಾದ ಮೇಲೂ ಚಿಕ್ಕಸ್ವಾಮಿಯವರು ಮೂರು ಶನಿವಾರ ಸುಮ್ಮನೆ ಗುಡಿ ಸುತ್ತಿದರು. ಇಂದಿರಾ ಅವರ ನಂಬರು ನನ್ನ ನಾದಿನಿಯ ಹತ್ತಿರವೇ ಇತ್ತು. ಇಬ್ಬರೂ ಒಂದೇ ಶಾಲೆಯಲ್ಲಿ ಇದ್ದವರು. ಚೀಟಿಯಲ್ಲಿ ಬರೆದು ಕೊಟ್ಟೆ. ಅದು ಅವರ ಜೇಬಿನಲ್ಲೇ ಮಡಿಸಿ ಮಡಿಸಿ ಹರಿಯಿತು. ಕೊನೆಗೆ ಒಂದು ದಿನ ನನ್ನ ಎದುರಿಗೇ ಅವರ ಹೆಂಡತಿ ಬೈರಮ್ಮ ಫೋನು ಒತ್ತಿ ಕೈಗಿಟ್ಟರು.

ಬೈರಮ್ಮ ಬೆಳಗೊಳದವರು. ಮದುವೆಗೆ ಮುಂಚೆ ಅದೇ ನಾಲ್ಕನೆಯ ಆಟವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವರು. "ಇನ್ನೇನ್ ಶ್ಯಾನುಭೋಗ್ರ ಕೇಳ್ಬೇಕಾ, ಮಾತಾಡಿ," ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿ, "ನಮ್ಮನೆಯೋರ್ಗೆ ಮಿಷನ್ ತಿರುಗ್ಸೋಕ್ ಬತ್ತದೆ ಕಣಕ್ಕ, ನಾಲ್ಗೆ ತಿರುಗ್ಸೋಕ್ ಬರಾಕಿಲ್ಲ," ಎಂದರು.

ಚಿಕ್ಕಸ್ವಾಮಿಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಇಂದ್ರಮ್ಮೋರೆ, ಸಿನಿಮಾ ಆಕ್ತಾ ಇವ್ನಿ."

ಆ ಕಡೆಯಿಂದ ಇಂದಿರ ಕೇಳಿದ್ದೂ ಒಂದೇ. ಯಾವ ಊರಿನಲ್ಲಿ ಎಂದರಂತೆ.

ಭಾನುವಾರ ಹನ್ನೊಂದರ ಬಸ್ಸಿಗೆ ಇಂದಿರ ಒಬ್ಬರೇ ಬಂದರು. ನೂಲಿನ ಸೀರೆ, ಬೆಳ್ಳಗಾದ ಕೂದಲು, ಕೈಚೀಲದಲ್ಲಿ ನೋಟುಪುಸ್ತಕ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ, ಮಗಳ ಮನೆಯಲ್ಲಿದ್ದಾರೆ. ಬೈರಮ್ಮ ಅವರಿಗೆಂದು ಬಾಳೆಹಣ್ಣು, ಹಾಲು ಇಟ್ಟುಕೊಂಡು, ಊಟಕ್ಕೆ ಕರೆಯಲು ಹಿಂಜರಿಯುತ್ತಿದ್ದರು. ಇಂದಿರ ನೇರ ಅಡುಗೆಮನೆಗೆ ಇಣುಕಿ ಮುದ್ದೆ, ಉಪ್ಸಾರು ಕೇಳಿ ಹಾಕಿಸಿಕೊಂಡರು.

ಅಂಗಡಿಯ ಒಳಗೋಡೆಗೆ ಬೈರಮ್ಮ ಹಿಂದಿನ ದಿನವೇ ಸುಣ್ಣ ಬಳಿದಿದ್ದರು. ಮಧ್ಯಾಹ್ನ ಎರಡಕ್ಕೆ ಷಟರು ಎಳೆದರು. ವಿಜಯೇಂದ್ರರ ಮಿಷನ್ನು, ಹೊಸದಾಗಿ ಸುತ್ತಿದ ಮೋಟಾರು, ಬಾಡಿಗೆ ಮೈಕು. ನೋಡುವವರು ನಾವು ಮೂವರು: ಬೈರಮ್ಮ, ವಿಜಯೇಂದ್ರ, ನಾನು. ಮಿಷನ್ನು ಕಟಕಟ ಶುರುವಾಯಿತು. ಇಂದಿರ ಗಂಟಲು ಸರಿಮಾಡಿಕೊಂಡು, "ಇದೊಂದು ಹೊಳೆ," ಎಂದರು.

ನಾನು ಅವರ ತಂದೆಯ ವ್ಯಾಖ್ಯಾನ ಕೇಳಿದವಳು. ಅದೇ ಏರಿಳಿತ, ಅದೇ ತಾಳ್ಮೆ. ಚಿಕ್ಕಸ್ವಾಮಿಯವರು ಮಿಷನ್ನಿನ ಮೇಲೆ ಒಂದು ಕೈ ಇಟ್ಟು, ಗೋಡೆಯ ಕಡೆ ನೋಡದೆ, ನೆಲ ನೋಡುತ್ತಾ ಕೇಳುತ್ತಿದ್ದರು.

ಎರಡನೆಯ ರೀಲು ಮುಗಿಯಿತು. ದೀಪ ಹಾಕಿದರು. ಬೈರಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಚಿಕ್ಕಸ್ವಾಮಿಯವರು ಡಬ್ಬಿಗಳ ಮುಂದೆ ನಿಂತರು. ಮೂರು ಎಂದು ಬರೆದ ಡಬ್ಬಿ ಎತ್ತಿಕೊಂಡರೆ ಸಾಕಿತ್ತು. ಹಳೆಯ ಕತೆ ಹಳೆಯ ಹಾಗೆಯೇ ನಡೆದು, ಕೊನೆಯಲ್ಲಿ ಆ ಒಲೆ, ಆ ರೊಟ್ಟಿ, ಅದರ ಮೇಲೆ ಆ ಧ್ವನಿ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ. ಅವರ ಕೈ ಆ ಡಬ್ಬಿಯ ಮೇಲೆ ಇತ್ತು. ಆಮೇಲೆ ಐದು ಎಂದು ಬರೆದಿದ್ದನ್ನು ಎತ್ತಿಕೊಂಡರು.

"ಇಂದ್ರಮ್ಮೋರೆ, ಈಗ ಬರೋದು ಇದು. ನಾವ್ ತಪ್ಪಾಗ್ ತೋರ್ಸ್ಬುಟ್ಟೋ. ಅವ್ನು ನಡುವೆ ಒಂದಿನ ಬಂದೋಗ್ತಾನೆ. ಕೊನೇಗ್ ಬರಾಕಿಲ್ಲ." ಕಂಬಗಳ ವಿಷಯವನ್ನೂ ಹೇಳಿದರು.

ಇಂದಿರ ನೋಟುಪುಸ್ತಕ ಮುಚ್ಚಿ ಕೇಳಿಸಿಕೊಂಡರು. ಯಾವಾಗ ತಿಳಿಯಿತೆಂದು ಕೇಳಿದರು. ಬೆಳಗೊಳದಲ್ಲಿ ಎಂದರು ಇವರು.

"ನಾಲ್ಕನೇ ಆಟ," ಎಂದರು ಇಂದಿರ. "ಇನ್ನೂ ಹದಿನೈದು ಊರಿಗೆ ನನ್ನ ಬಾಯಲ್ಲಿ ತಪ್ಪು ಹೇಳಿಸಿದ್ರಿ. ಯಾಕೆ ಹೇಳಲಿಲ್ಲ ಸ್ವಾಮಿಯವರೇ?"

ಚಿಕ್ಕಸ್ವಾಮಿಯವರು ರೀಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಆ ರೀಲ್ಗೆ ಬಂದಾಗ ನಿಮ್ ಧ್ವನಿ ಬ್ಯಾರೆ ಆಗ್ತಿತ್ತು. ಅದು ಕೊನೇಗ್ ಇರ್ಲಿ ಅನ್ನುಸ್ತು. ಕೇಳ್ಕಂಡು ಪರದೆ ಮಡಿಸ್ಬೌದಲ್ಲ."

ಷಟರಿನ ಸಂದಿನಿಂದ ಒಂದು ಗೆರೆ ಬಿಸಿಲು ಒಳಗೆ ಬಿದ್ದಿತ್ತು. ಬೈರಮ್ಮ ಇಂದಿರಾ ಅವರ ಲೋಟಕ್ಕೆ ಮತ್ತಷ್ಟು ಮಜ್ಜಿಗೆ ಬಗ್ಗಿಸಿದರು. "ನಾನೂ ಅವತ್ತು ಅಲ್ಲೇ ಕುಂತಿದ್ದೆ ಕಣಮ್ಮ," ಎಂದರು. "ನಿಮ್ ಮಾತ್ ಕೇಳಿ, ಕಾದೋರ್ಗೆ ಬಂದೇ ಬತ್ತಾರೆ ಅಂತ ನಂಬ್ಕಂಡು ಮನೆಗೋದೆ. ಅದರಿಂದ ನಂಗೇನೂ ಕೆಟ್ಟುದ್ದಾಗ್ನಿಲ್ಲ."

ಇಂದಿರ ಲೋಟ ಕೆಳಗಿಟ್ಟರು. ಪೆನ್ಸಿಲು ಕೇಳಿ ಪಡೆದು, ನೋಟುಪುಸ್ತಕದ ಪುಟಗಳ ಮೇಲೆ ಅಂಕಿ ತಿದ್ದಿದರು. "ತಪ್ಪು ಓದಿದ್ರೆ ಮತ್ತೆ ಓದಬೇಕು. ಹಾಕಿ," ಎಂದರು.

ಹಿಮ ಬಿದ್ದಿತು. ಅವನು ರೈಲಿನಿಂದ ಇಳಿದ. ಇಬ್ಬರೂ ಒಲೆಯ ಮುಂದೆ ಕೂತು ರೊಟ್ಟಿ ಮುರಿದರು. ಅಲ್ಲಿ ಇಂದಿರಾ ಅವರ ಧ್ವನಿ ಬೇರೆಯಾಯಿತು. ನನಗೂ ತಿಳಿಯಿತು, ಚಿಕ್ಕಸ್ವಾಮಿಯವರು ಹೇಳಿದ ಆ ಧ್ವನಿ ಯಾವುದೆಂದು. ಅವರು ಆಗ ಮಾತ್ರ ತಲೆ ಎತ್ತಿದ್ದರು. ಬೇಗ ಮುಗಿಯಿತು. ಆಮೇಲೆ ರೈಲು ಹೊರಟಿತು, ಅವಳು ಓಡಿದಳು. ಆಮೇಲೆ ಹೊಳೆ.

ಕೊನೆಯ ರೀಲಿನಲ್ಲಿ ಇಂದಿರ ಬಹಳ ಕಡಿಮೆ ಮಾತಾಡಿದರು. ಅವಳು ಯಾರು ಯಾರನ್ನೋ ದಾಟಿಸುತ್ತಾಳೆ: ಗಾಯಗೊಂಡವರನ್ನು, ಮುದುಕಿಯರನ್ನು, ಒಂದು ಹಸುವನ್ನು. ಕಂಬಗಳು ಮುರಿದು ಬಿದ್ದಿವೆ. ಕಡೆಯ ದೃಶ್ಯದಲ್ಲಿ ದೋಣಿ ಈ ದಡ ಮುಟ್ಟುತ್ತದೆ, ಅವಳು ತಲೆವಸ್ತ್ರ ಬಿಗಿದುಕೊಳ್ಳುತ್ತಾಳೆ. ನೋಟುಪುಸ್ತಕದಲ್ಲಿ ಅಲ್ಲಿಗೆ ಏನು ಬರೆದಿತ್ತೋ, ಇಂದಿರ ಅದನ್ನು ನೋಡಲಿಲ್ಲ. "ಆ ದಡದಿಂದ ಯಾರೋ ಕೂಗಿದರು," ಎಂದರು. "ಇವಳು ದೋಣಿ ತಿರುಗಿಸಿದಳು." ಗೋಡೆ ಬರೀ ಬಿಳಿಯಾಯಿತು.

ಡಬ್ಬಿಗಳ ಮೇಲಿನ ಹಳೆಯ ಅಂಕಿಗಳನ್ನು ಕೆರೆದು, ಇಂದಿರ ತಮ್ಮ ಕೈಯಿಂದಲೇ ಬಣ್ಣದಲ್ಲಿ ಹೊಸದಾಗಿ ಬರೆದರು. ಹುಣಸೆಹಣ್ಣಿಗೂ ಹೋಗದ ಬಣ್ಣವೇ ಎಂದು ಕೇಳಿದರು. ಚಿಕ್ಕಸ್ವಾಮಿಯವರು ನಕ್ಕರು. ನೋಟುಪುಸ್ತಕವನ್ನೂ ಇಂದಿರ ವಿಜಯೇಂದ್ರರಿಗೆ ಕೊಟ್ಟರು, ಎರಡೂ ಒಂದೇ ಕಡೆ ಇರಲಿ ಎಂದು. ವಿಜಯೇಂದ್ರ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಐದು ಡಬ್ಬಿಗಳು ಅವರ ಕಾರಿನ ಹಿಂದಿನ ಸೀಟಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದವು.

ಐದೂವರೆಯ ನಾಗಮಂಗಲದ ಬಸ್ಸಿಗೆ ನಾವೆಲ್ಲ ನಿಲ್ದಾಣಕ್ಕೆ ಹೋದೆವು. ಬೈರಮ್ಮ ಒಂದು ಪೊಟ್ಟಣ ಅಚ್ಚುಬೆಲ್ಲ ಕಿಟಕಿಯಿಂದ ಕೊಟ್ಟರು. ಬೆಳ್ಳೂರಿನಲ್ಲಿ ಹೇಳಿದಂತೆ ಮತ್ತೆ ಹಾಕುವಾಗ ತಿಳಿಸಿ ಎಂದು ಇಂದಿರ ಈ ಸಲ ಹೇಳಲಿಲ್ಲ. ಮುಂದೆ ಹಾಕಲು ಚಿತ್ರವೂ ಇರಲಿಲ್ಲ. ಬಸ್ಸು ತಿರುಗುವವರೆಗೆ ಚಿಕ್ಕಸ್ವಾಮಿಯವರು ನಿಂತಿದ್ದರು.

ಮುಂದಿನ ಶನಿವಾರ ಅವರು ಎಂದಿನಂತೆ ಮೂರು ಸುತ್ತು ಹಾಕಿ ಜಗಲಿಗೆ ಬಂದರು. ತೀರ್ಥದ ಕೈಯನ್ನು ತಲೆಗೆ ಒರೆಸಿಕೊಂಡು ಕಾಲು ನೀಡಿ ಕೂತರು.

"ಅವತ್ತು ಭಾನ್ವಾರ ನಡೆದದ್ದು ಮೂರ್ನೇ ರೀಲು ಕಣವ್ವಾ, ಒಂದಿನ ಬಂದೋಗೋದು," ಎಂದರು. "ನಾನು ಇಷ್ಟು ವರ್ಸ ಅದ್ನ ಕೊನೇಗ್ ಇಟ್ಕಂಡು ಕಾಯ್ತಿದ್ದೆ."

ನಾನು ಮಾಲೆಯ ಗಂಟು ಬಿಗಿದೆ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬೈರಮ್ಮ, ಯಾರೋ ಮಿಕ್ಸಿ ಹಿಡಿದು ಅಂಗಡಿ ಮುಂದೆ ಕಾಯುತ್ತಿದ್ದಾರಂತೆ. ಬಂದೆ ಎಂದು ಹೇಳಿ, ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.